ಬರ್ಡಿ ಎಲ್ಲಿ ಹೋದಳು?

ಹಳೆಯ ಹಾಲಿವುಡ್ ಸಿನಿಮಾಗಳ ಬಗ್ಗೆ ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳುವ ಚಟ ನನಗಿದೆ. ಯಾವ ವರ್ಷ ಯಾರಿಗೆ ಆಸ್ಕರ್ ಬಂತು, ಯಾವ ಬೀದಿಯನ್ನು ಸೆಟ್ ಹಾಕಿ ತೆಗೆದರು, ಯಾವ ನಾಯಕಿಯ ಗೌನು ಯಾರು ಹೊಲಿದದ್ದು, ಎಲ್ಲ ಬಾಯಿಪಾಠ. ಆ ಜಂಬಕ್ಕೆ ಹೋದ ತಿಂಗಳು ತಕ್ಕ ಶಾಸ್ತಿಯಾಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಮಗಳನ್ನು ಕೂರಿಸಿಕೊಂಡು ಹಿಚ್‌ಕಾಕ್‌ನ 'ರಿಯರ್ ವಿಂಡೋ' ಹಾಕಿದ್ದೆ. ಗ್ರೇಸ್ ಕೆಲಿ ಇನ್ನೂ ಬಂದಿರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಜೇಮ್ಸ್ ಸ್ಟುವರ್ಟ್‌ಗೆ ಜ್ವರ ನೋಡಿ, ಬೆನ್ನು ತಿಕ್ಕಿ ಹೋಗಲು ವಿಮಾ ಕಂಪನಿ ಕಳಿಸಿದ ನರ್ಸ್ ಸ್ಟೆಲ್ಲಾ ಬರುತ್ತಾಳಲ್ಲ, ಬಾಗಿಲಿನಲ್ಲಿ ನಿಂತೇ ಬಯ್ಯಲು ಶುರುಮಾಡುತ್ತಾಳಲ್ಲ, ಆ ಹೊತ್ತಿಗೆ ಹುಡುಗಿ ಕೇಳಿದಳು: "ಚಿಕ್ಕಮ್ಮ, ಆ ಫೋನಿನ ಸಿನಿಮಾದಲ್ಲಿ ಬೆಳಿಗ್ಗೆ ಬೆಳಿಗ್ಗೆ ತಲೆ ಹಿಡಿದುಕೊಂಡು ಕೆಲಸಕ್ಕೆ ಬರುತ್ತಾರಲ್ಲ, ಅವರೇ ಅಲ್ಲವೇ ಇವರು?"

ಫೋನಿನ ಸಿನಿಮಾ ಎಂದರೆ 'ಪಿಲ್ಲೋ ಟಾಕ್'. ಅದನ್ನೂ ಅವಳಿಗೆ ತೋರಿಸಿದ್ದು ನಾನೇ. "ಇಲ್ಲ, ಅವರು ಬೇರೆ" ಎಂದೆ, ಎಂದಿನ ಖಚಿತ ದನಿಯಲ್ಲಿ. "ಧ್ವನಿ ಕೇಳಿ ನೋಡಿ" ಎಂದಳು. ಕೇಳಿದೆ. ಒರಳಿನಲ್ಲಿ ಒಣ ಗುಂಡುಕಲ್ಲು ಹೊರಳಿದಂಥ, ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಯ ಧ್ವನಿ. ಸಿನಿಮಾ ನಿಲ್ಲಿಸಿ ಹುಡುಕಿದೆ. ಥೆಲ್ಮಾ ರಿಟ್ಟರ್. ಪಟ್ಟಿ ಕೆಳಗೆ ಸರಿಸುತ್ತ ಹೋದಂತೆ ನಾಚಿಕೆಯೂ ಏರುತ್ತ ಹೋಯಿತು. 'ಆಲ್ ಅಬೌಟ್ ಈವ್'ನಲ್ಲಿ ಬೆಟ್ಟಿ ಡೇವಿಸ್‌ಳ ಸೇವಕಿ ಬರ್ಡಿ ಇವಳೇ. 'ದಿ ಮಿಸ್‌ಫಿಟ್ಸ್'ನಲ್ಲಿ ಮರ್ಲಿನ್ ಮನ್ರೋ ಜೊತೆ ಕೈಗೆ ಜೋಳಿಗೆ ಕಟ್ಟಿಕೊಂಡು ಓಡಾಡುವ ರೀನೋ ಊರಿನ ಹೆಂಗಸೂ ಇವಳೇ. ಒಂದೊಂದನ್ನೂ ನಾನು ಎರಡು ಮೂರು ಸಲ ನೋಡಿದ್ದೇನೆ. ನಾಲ್ಕು ಸಿನಿಮಾ, ನಾಲ್ಕು ಹೆಂಗಸರು ಎಂದುಕೊಂಡಿದ್ದೆ. ಅಷ್ಟೂ ಅಲ್ಲ, ನಿಜ ಹೇಳಬೇಕೆಂದರೆ ಏನೂ ಅಂದುಕೊಂಡಿರಲಿಲ್ಲ. ಗ್ರೇಸ್ ಕೆಲಿ ಮೊದಲು ಬಂದಾಗ ಉಟ್ಟ ಗೌನಿನ ಮೇಲ್ಭಾಗ ಕಪ್ಪು, ಕೆಳಗೆ ಬಿಳಿ, ಅದನ್ನು ರೂಪಿಸಿದವಳು ಈಡಿತ್ ಹೆಡ್ ಎಂದು ಥಟ್ಟನೆ ಹೇಳಬಲ್ಲ ನನಗೆ, ಅದೇ ಕೋಣೆಯಲ್ಲಿ ಅವಳಿಗಿಂತ ಮೊದಲು ಬಂದು ಮಾತನಾಡಿದವಳ ಹೆಸರು ಗೊತ್ತಿರಲಿಲ್ಲ.

ಅಂದಿನಿಂದ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಿದೆ. ಸಿಕ್ಕಷ್ಟು ಸಿನಿಮಾಗಳನ್ನು ಮತ್ತೆ ಹಾಕಿಕೊಂಡು, ಈ ಸಲ ನಾಯಕಿಯರನ್ನು ಬಿಟ್ಟು ಅವಳನ್ನಷ್ಟೇ ನೋಡುತ್ತ ಕುಳಿತೆ.

ಪೋಷಕರ ಸಾಲು

ನಾವು 'ಪೋಷಕ ನಟಿ' ಎನ್ನುತ್ತೇವೆ. ಅದೇ ಪದ ಶಾಲೆಯ ಸುತ್ತೋಲೆಯಲ್ಲಿ 'ಪೋಷಕರ ಸಭೆ' ಎಂದು ಬಂದರೆ ಅರ್ಥ ಪೂರಾ ಬೇರೆ. ಅಲ್ಲಿ ಪೋಷಕರು ಎಂದರೆ ಶುಲ್ಕ ಕಟ್ಟುವವರು, ಸಹಿ ಹಾಕುವವರು, ಅವರಿಲ್ಲದೆ ಮಗುವೇ ಇಲ್ಲ. ಸಿನಿಮಾಕ್ಕೆ ಬಂದ ಕೂಡಲೇ ಆ ಪದ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಲ್ಲುತ್ತದೆ. ಸಾಕುವವಳು ಎಂಬ ಅರ್ಥ ಕಳಚಿ, ಜೊತೆಗಿರುವವಳು ಎಂಬಷ್ಟೇ ಉಳಿಯುತ್ತದೆ.

ಹಾಲಿವುಡ್ಡಿನಲ್ಲೂ ಈ ಸಾಲಿನವರಿಗೆ ಪ್ರಶಸ್ತಿ ಕೊಡಬೇಕೆಂದು ತೋಚಿದ್ದು ತಡವಾಗಿ. ಆಸ್ಕರ್ ಶುರುವಾದದ್ದು 1929ರಲ್ಲಿ. ಪೋಷಕ ನಟ ನಟಿಯರ ವಿಭಾಗ ಬಂದದ್ದು 1936ರ ಚಿತ್ರಗಳಿಂದ. ಬಂದರೂ, ಮೊದಲ ಏಳು ವರ್ಷ ಅವರಿಗೆ ಆ ಚಿನ್ನದ ಬಣ್ಣದ ಪ್ರತಿಮೆ ಕೊಡುತ್ತಿರಲಿಲ್ಲ, ಒಂದು ಫಲಕ ಕೊಡುತ್ತಿದ್ದರು. 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಹ್ಯಾಟಿ ಮೆಕ್‌ಡೇನಿಯಲ್ ಪಡೆದದ್ದೂ ಫಲಕವೇ. ಮದುವೆಮನೆಯಲ್ಲಿ ಬೀಗರಿಗೆ ಬೆಳ್ಳಿ ಲೋಟ, ಅಡಿಗೆಯವರಿಗೆ ಸ್ಟೀಲ್ ಲೋಟ ಎಂಬಂತೆ. ಥೆಲ್ಮಾ ಸಾಲಿಗೆ ಸೇರುವ ಹೊತ್ತಿಗೆ ಫಲಕ ಹೋಗಿ ಪ್ರತಿಮೆ ಬಂದಿತ್ತು. ಅವಳಿಗೆ ಅದೂ ಸಿಗಲಿಲ್ಲ. ಆರು ಸಲ ನಾಮನಿರ್ದೇಶನ, ಆರು ಸಲವೂ ಬೇರೆಯವರ ಹೆಸರು. ಮೊದಲ ನಾಲ್ಕಂತೂ 1950ರಿಂದ 1953ರವರೆಗಿನ ಚಿತ್ರಗಳಿಗೆ, ವರ್ಷಕ್ಕೊಂದರಂತೆ ಸತತವಾಗಿ. ಗೆದ್ದವರು ಜೋಸೆಫೀನ್ ಹಲ್, ಕಿಮ್ ಹಂಟರ್, ಗ್ಲೋರಿಯಾ ಗ್ರಹಾಂ, ಡೋನಾ ರೀಡ್. ಆಮೇಲೆ 1959ರ ಚಿತ್ರಕ್ಕೆ ಶೆಲ್ಲಿ ವಿಂಟರ್ಸ್, 1962ರದಕ್ಕೆ ಹದಿನಾರರ ಹುಡುಗಿ ಪ್ಯಾಟಿ ಡ್ಯೂಕ್. ನಾಯಕಿಯರ ಸಾಲಿನಲ್ಲಿ ಡೆಬೊರಾ ಕರ್ ಕೂಡ ಆರು ಸಲ ಸೋತವಳೇ, ಆದರೆ ಅವಳಿಗೆ 1994ರಲ್ಲಿ ಕರೆದು ಗೌರವ ಆಸ್ಕರ್ ಕೊಟ್ಟರು, ಸಭೆ ಎದ್ದು ನಿಂತಿತು. ಥೆಲ್ಮಾ ಅಷ್ಟು ಕಾಲ ಬದುಕಲಿಲ್ಲ.

ಆಟಿಕೆಯಂಗಡಿಯ ಸಾಲಿನಲ್ಲಿ

ಅವಳು ಹುಟ್ಟಿದ್ದು 1902ರ ಫೆಬ್ರವರಿ 14ರಂದು, ಬ್ರೂಕ್ಲಿನ್‌ನಲ್ಲಿ. ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ಸ್‌ನಲ್ಲಿ ಕಲಿತು ನಾಟಕಕ್ಕೆ ಇಳಿದಳು. 1927ರಲ್ಲಿ ಜೋಸೆಫ್ ಮೊರಾನ್ ಎಂಬ ನಟನನ್ನು ಮದುವೆಯಾದಳು. ಇಬ್ಬರು ನಟರು ಒಂದು ಸಂಸಾರ ಹೂಡಿದರೆ ಬಾಡಿಗೆ ಕಟ್ಟುವವರು ಯಾರು? ಗಂಡ ಬಣ್ಣ ತೊಳೆದು ಜಾಹೀರಾತು ಉದ್ಯಮಕ್ಕೆ ಹೋದ. ಅವಳು ಇಬ್ಬರು ಮಕ್ಕಳನ್ನು ಸಾಕಿದಳು. ಮುಂದೆ ರೇಡಿಯೋ ನಾಟಕಗಳು ಸಿಕ್ಕವು. ಮುಖ ಬೇಡದ ಆ ಕೆಲಸದಲ್ಲಿ ಧ್ವನಿ ಪಳಗಿತು. ಸಿನಿಮಾದ ಕ್ಯಾಮೆರಾ ಎದುರು ಅವಳು ನಿಂತಾಗ ವಯಸ್ಸು ನಲವತ್ತೈದರ ಹತ್ತಿರ. ಆ ವಯಸ್ಸಿಗೆ ನಾಯಕಿಯರು ತಾಯಿಯ ಪಾತ್ರಕ್ಕೆ ಒಪ್ಪಬೇಕೋ ಮನೆಯಲ್ಲಿ ಕೂರಬೇಕೋ ಎಂದು ಅಳುತ್ತಿರುತ್ತಾರೆ. ಇವಳು ಆಗ ಶುರುಮಾಡಿದಳು.

1947ರ 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'ನಲ್ಲಿ ಅವಳದು ಹೆಸರೇ ಇಲ್ಲದ ತಾಯಿಯ ಪಾತ್ರ. ಮೇಸೀಸ್ ಅಂಗಡಿಯಲ್ಲಿ ಕ್ರಿಸ್‌ಮಸ್ ಜನಜಂಗುಳಿ. ಮಗನನ್ನು ಸಾಂತಾಕ್ಲಾಸನ ತೊಡೆಯ ಮೇಲೆ ಕೂರಿಸಿದ್ದಾಳೆ. ಹುಡುಗ ಬೆಂಕಿ ಆರಿಸುವ ಬಂಡಿ ಕೇಳುತ್ತಾನೆ, ಸಾಂತಾ ಆಗಲಿ ಎನ್ನುತ್ತಾನೆ. ಅವಳು ಹಲ್ಲು ಕಚ್ಚಿಕೊಂಡು, ಮಗನಿಗೆ ಕೇಳಿಸದಂತೆ, ಊರೆಲ್ಲ ಸುತ್ತಿದ್ದೇನೆ, ಎಲ್ಲೂ ಇಲ್ಲ, ಯಾಕಪ್ಪ ಮಾತು ಕೊಟ್ಟೆ ಎಂದು ಗುರುಗುಟ್ಟುತ್ತಾಳೆ. ಸಾಂತಾ ಬೇರೆ ಅಂಗಡಿಯ ಹೆಸರು ಹೇಳಿ ಅಲ್ಲಿ ಸಿಗುತ್ತದೆ ಎಂದಾಗ ಅವಳ ಮುಖದಲ್ಲಿ ಏನಾಗುತ್ತದೆ ನೋಡಬೇಕು. ಖುಷಿ ಅಲ್ಲ, ಮೊದಲು ಗುಮಾನಿ. ಗಿರಾಕಿಯನ್ನು ಎದುರಂಗಡಿಗೆ ಕಳಿಸುವ ಅಂಗಡಿಯನ್ನು ಈ ಜನ್ಮದಲ್ಲಿ ಕಾಣದ ಹೆಂಗಸಿನ ಗುಮಾನಿ. ಕೈಚೀಲ, ಕೋಟು, ಬೆವರು, ನೋಯುವ ಕಾಲು, ಎಲ್ಲವೂ ಆ ಒಂದೆರಡು ನಿಮಿಷದಲ್ಲಿ ಇವೆ. ಚಿತ್ರದ ಕಲಾವಿದರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಎರಡು ವರ್ಷದ ನಂತರ ನಿರ್ದೇಶಕ ಮ್ಯಾಂಕೀವಿಚ್‌ನ 'ಎ ಲೆಟರ್ ಟು ತ್ರೀ ವೈವ್ಸ್'ನಲ್ಲಿ ರೈಲು ಹೋದಾಗಲೆಲ್ಲ ನಡುಗುವ ಮನೆಯಲ್ಲಿ ಕುಳಿತು ಹರಟುವ ಸೇಡಿಯಾದಳು. ಅಲ್ಲೂ ಹೆಸರು ಹಾಕಲಿಲ್ಲ.

ಎಲ್ಲರಿಗಿಂತ ಮೊದಲು ಕಂಡವಳು

ಅದೇ ಮ್ಯಾಂಕೀವಿಚ್ ಮರುವರ್ಷ 'ಆಲ್ ಅಬೌಟ್ ಈವ್' ಮಾಡಿದ. ಇದರ ಕಥೆ ಈ ಬರಹ ಓದುವವರಿಗೆ ಗೊತ್ತೇ ಇರುತ್ತದೆ: ಮಾರ್ಗೋ ಎಂಬ ದೊಡ್ಡ ರಂಗನಟಿ, ಅಭಿಮಾನಿಯಾಗಿ ಒಳಗೆ ಬಂದು ಅವಳ ಜಾಗವನ್ನೇ ಕಬಳಿಸುವ ಈವ್. ನಾನು ಇದುವರೆಗೆ ಇದನ್ನು ಆ ಇಬ್ಬರ ಸಿನಿಮಾ ಎಂದೇ ನೋಡಿದ್ದೆ. ಈ ಸಲ ಬರ್ಡಿಯ ಮೇಲೆ ಕಣ್ಣಿಟ್ಟು ನೋಡಿದಾಗ ಚಿತ್ರದ ಮಧ್ಯದಲ್ಲಿ ದೊಡ್ಡದೊಂದು ತೂತು ಕಂಡಿತು.

ಮೊದಲ ದೃಶ್ಯ ಬಣ್ಣ ಹಚ್ಚುವ ಕೋಣೆಯದು. ಈವ್ ತನ್ನ ಬಡತನ, ಯುದ್ಧದಲ್ಲಿ ಸತ್ತ ಗಂಡ, ನಾಟಕವೇ ಆಸರೆಯಾದ ಕಥೆ ಹೇಳುತ್ತಾಳೆ. ಎಲ್ಲರ ಕಣ್ಣೂ ತೇವ. ಬರ್ಡಿ ಒಂದು ಕ್ಷಣ ಬಿಟ್ಟು, ಎಂಥ ಕಥೆ, ಬೇಟೆನಾಯಿಗಳು ಹಿಂದೆ ಬಿದ್ದು ಕಚ್ಚುವುದೊಂದು ಬಾಕಿ ಎನ್ನುವ ಅರ್ಥದಲ್ಲಿ ಒಂದು ಮಾತು ಹಾಕುತ್ತಾಳೆ. ಈ ಮಾತನ್ನು ಥೆಲ್ಮಾ ಹೇಳುವ ರೀತಿಯಲ್ಲೇ ಅವಳ ಕಸುಬಿದೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮಿಟುಕಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಇವಳು ಹಾಗೆ ಮಾಡುವುದಿಲ್ಲ. ಹೇಳುವಾಗ ಅವಳಿಗೂ ಸ್ವಲ್ಪ ಕರುಳು ಚುರುಕ್ ಎಂದಂತೇ ಇದೆ. ಕಥೆ ಚೆನ್ನಾಗಿದೆ ಎಂದು ಅವಳ ಒಂದು ಅರ್ಧ ಒಪ್ಪಿದೆ, ತೀರಾ ಚೆನ್ನಾಗಿದೆ ಎಂದು ಇನ್ನೊಂದು ಅರ್ಧ ಎಚ್ಚರಗೊಂಡಿದೆ. ಎಲ್ಲರ ಎದುರೇ ಮಾರ್ಗೋ ಗದರುತ್ತಾಳೆ. ಬರ್ಡಿ ತಕ್ಷಣ ಕ್ಷಮೆ ಕೇಳುತ್ತಾಳೆ, ನನ್ನ ಮಾತೇ ಹೀಗೆ ಎನ್ನುತ್ತಾಳೆ. ಆ ಕ್ಷಮೆಯಲ್ಲಿ ಕುಹಕವಿಲ್ಲ.

ಎರಡನೆಯದು ಮಾರ್ಗೋಳ ಮಲಗುವ ಕೋಣೆ. ತಿಂಡಿಯ ತಟ್ಟೆ ತಂದಿದ್ದಾಳೆ. ನಿನಗೆ ಈವ್ ಇಷ್ಟವಿಲ್ಲ ಅಲ್ಲವೇ ಎಂದು ಮಾರ್ಗೋ ಕೇಳಿದರೆ, ನಿನಗೆ ಬೇಕಾದ್ದು ಉತ್ತರವೋ ಜಗಳವೋ ಎಂದು ಮರುಪ್ರಶ್ನೆ. ಉತ್ತರ ಎಂದರೆ, ಇಷ್ಟವಿಲ್ಲ. ಯಾಕೆ ಎಂದರೆ, ಈಗ ಜಗಳ ಬೇಕೆನ್ನುತ್ತಿದ್ದೀಯ. ಆಮೇಲೆ ದನಿ ತಗ್ಗಿಸಿ, ನಾಟಕದ ಪುಸ್ತಕ ಓದುವಂತೆ ಅವಳು ನಿನ್ನನ್ನು ಓದುತ್ತಿದ್ದಾಳೆ, ನೀನು ನಡೆಯುವುದು, ಉಣ್ಣುವುದು, ನಿದ್ದೆ ಮಾಡುವುದು ಎಲ್ಲವನ್ನೂ, ಎನ್ನುತ್ತಾಳೆ. ಕೂಡಲೇ ಈವ್ ಒಳಗೆ ಬರುತ್ತಾಳೆ, ಮೈಮೇಲೆ ಮಾರ್ಗೋ ಬಿಟ್ಟುಕೊಟ್ಟ ಸೂಟು.

ಮೂರನೆಯದು ಆ ಪ್ರಸಿದ್ಧ ಪಾರ್ಟಿಯ ರಾತ್ರಿ. ಅತಿಥಿಗಳ ತುಪ್ಪಳದ ಕೋಟುಗಳನ್ನೆಲ್ಲ ಹಾಸಿಗೆಯ ಮೇಲೆ ರಾಶಿ ಹಾಕಿದ್ದನ್ನು ಕಂಡು, ಸತ್ತ ಪ್ರಾಣಿಗಳ ಸರ್ಕಸ್ ಇದ್ದಂತಿದೆ ಎಂದು ಗೊಣಗುತ್ತಾಳೆ. ಅಷ್ಟೇ. ಪಾರ್ಟಿ ಮುಗಿದ ಮೇಲೆ ಬರ್ಡಿ ಸಿನಿಮಾದಿಂದ ಮಾಯ. ಕೆಲಸ ಬಿಟ್ಟಳೋ, ಬಿಡಿಸಿದರೋ, ಕಾಯಿಲೆ ಬಿದ್ದಳೋ, ಒಂದು ಮಾತಿಲ್ಲ. ವರ್ಷಗಟ್ಟಲೆ ಮಾರ್ಗೋಳ ಬಟ್ಟೆ ಹಾಕಿ ತೆಗೆದವಳು, ಅವಳ ಬದುಕು ತಲೆಕೆಳಗಾಗುವ ಹೊತ್ತಿನಲ್ಲಿ ಪಕ್ಕದಲ್ಲಿಲ್ಲ; ಇಲ್ಲ ಎಂಬುದನ್ನು ಯಾರೂ ಗಮನಿಸುವುದೂ ಇಲ್ಲ. ಅತ್ಯಂತ ಅಚ್ಚುಕಟ್ಟಾದ ಚಿತ್ರಕಥೆ ಎಂದು ಹೆಸರಾದದ್ದು ಇದು. ಇದನ್ನೂ ಇದರ ಹಿಂದಿನ 'ಲೆಟರ್' ಚಿತ್ರವನ್ನೂ ಬರೆದು ನಿರ್ದೇಶಿಸಿದ್ದಕ್ಕೆ ಮ್ಯಾಂಕೀವಿಚ್ ಎರಡು ವರ್ಷದಲ್ಲಿ ನಾಲ್ಕು ಆಸ್ಕರ್ ಹೊತ್ತುಕೊಂಡು ಹೋದ. ಎರಡರಲ್ಲೂ ಥೆಲ್ಮಾ ಇದ್ದಳು.

ಇದು ಮರೆವು ಎಂದು ನನಗೆ ಅನ್ನಿಸುವುದಿಲ್ಲ. ಬರ್ಡಿ ಉಳಿದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ಅವಳಿಗೆ ಅರ್ಧ ಗಂಟೆಯಲ್ಲೇ ಎಲ್ಲವೂ ಗೊತ್ತಾಗಿಬಿಟ್ಟಿದೆ. ಉಳಿದವರಿಗೆ ಗೊತ್ತಾಗಲು ಇನ್ನೂ ಒಂದೂವರೆ ಗಂಟೆ ಬೇಕು. ನಿಜ ಗೊತ್ತಿರುವವಳನ್ನು ಮನೆಯಲ್ಲಿ ಇಟ್ಟುಕೊಂಡು ಆ ಒಂದೂವರೆ ಗಂಟೆ ಸುಳ್ಳು ನಡೆಸುವುದು ಹೇಗೆ? ಹಾಗಾಗಿ ಅವಳನ್ನು ಕೋಟುಗಳ ಕೋಣೆಗೆ ಕಳಿಸಿ ಬಾಗಿಲು ಎಳೆದುಕೊಂಡರು.

ಮುಸುರೆಯ ಸಾಕ್ಷಿ

ಹಾಸನದ ನಮ್ಮ ಮನೆಗೆ ಮುಸುರೆ ತಿಕ್ಕಲು ಒಬ್ಬರು ಬರುತ್ತಿದ್ದರು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತೆಂಗಿನ ನಾರಿಗೆ ಬೂದಿ ಹಚ್ಚಿ, ಹಿತ್ತಾಳೆಯದಕ್ಕೆ ಹುಣಸೆಹುಳಿ. ನಾನು ಆಗ ಐದನೇ ತರಗತಿ ಇರಬೇಕು. ಅಪ್ಪನ ಕಡೆಯ ದೂರದ ನೆಂಟರೊಬ್ಬರು ಬಂದು ಮೂರು ವಾರ ಉಳಿದಿದ್ದರು. ಬಹಳ ಆಚಾರವಂತರು. ತಮ್ಮದು ಒಪ್ಪೊತ್ತು, ರಾತ್ರಿ ಒಂದು ಲೋಟ ಹಾಲು ಬಿಟ್ಟರೆ ಏನೂ ಇಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅಜ್ಜಿಗೆ ಅವರನ್ನು ಕಂಡರೆ ದೇವರನ್ನು ಕಂಡಷ್ಟು ಭಕ್ತಿ. ಅವರು ಅಪ್ಪನಿಗೆ ಒಂದು ಸೈಟಿನ ವಿಷಯ ಹೇಳುತ್ತಿದ್ದರು, ಮುಂಗಡ ಕೊಟ್ಟರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು.

ಒಂದು ಬೆಳಿಗ್ಗೆ ಹಿತ್ತಲಿನಿಂದ ಮುಸುರೆ ತಿಕ್ಕುವವರ ಮಾತು ಕೇಳಿಸಿತು. ತಲೆ ಎತ್ತದೆ, ತಟ್ಟೆ ತಿಕ್ಕುತ್ತಲೇ ಅಮ್ಮನಿಗೆ ಹೇಳುತ್ತಿದ್ದರು: "ಅಮ್ಮಾವ್ರೇ, ಒಪ್ಪೊತ್ತಿನವರು ಬಂದ ಮೇಲೆ ರಾತ್ರಿ ತಟ್ಟೆ ಒಂದು ಹೆಚ್ಚೇ ಬೀಳುತ್ತಿದೆ. ಅಂಚಿಗೆಲ್ಲ ಉಪ್ಪಿನಕಾಯಿ ಎಣ್ಣೆ." ಅಮ್ಮ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಒಳಗಿದ್ದ ಅಜ್ಜಿಗೆ ಕೇಳಿಸಿತು. ದೊಡ್ಡವರ ವಿಷಯ ನಿನಗ್ಯಾಕೆ, ಬಂದ ಕೆಲಸ ನೋಡು ಎಂದು ಬಾಗಿಲಿಗೆ ಬಂದು ಗದರಿದರು. "ತಪ್ಪಾಯಿತವ್ವ, ಬಾಯಿ ತಡೆಯಲಿಲ್ಲ" ಎಂದು ಇವರು ತಟ್ಟೆಯ ಮೇಲೆ ನೀರು ಹೊಯ್ದುಕೊಂಡರು. ಅಪ್ಪ ಮುಂಗಡ ಕೊಟ್ಟರು. ಸೈಟು ಇವತ್ತಿಗೂ ಎಲ್ಲಿದೆಯೋ ತಿಳಿಯದು. ನಮ್ಮ ಮನೆಯಲ್ಲಿ ಆ ಕಥೆಯನ್ನು ಈಗಲೂ ಹೇಳಿಕೊಂಡು ನಗುತ್ತೇವೆ. ಆದರೆ ಹೇಳುವಾಗ ಆ ನೆಂಟರ ನಾಮ, ಪಂಚೆ, ಅಪ್ಪನ ಪೆಚ್ಚು ಮುಖ ಎಲ್ಲ ಬರುತ್ತವೆ, ಮುಸುರೆಯ ಆ ಮಾತು ಬರುವುದಿಲ್ಲ. ಬರ್ಡಿಯನ್ನು ನೋಡುವವರೆಗೆ ನನಗೂ ಅದು ನೆನಪಿಗೆ ಬಂದಿರಲಿಲ್ಲ.

ಥೆಲ್ಮಾಳ ಪಾತ್ರಗಳ ಕಸುಬು ಗಮನಿಸಿ. ನರ್ಸ್, ಸೇವಕಿ, ಅಡಿಗೆಯವಳು, ಮದುವೆ ದಲ್ಲಾಳಿ, ಪೊಲೀಸರಿಗೆ ಸುದ್ದಿ ಮಾರುವವಳು. ಎಲ್ಲರೂ ಬೇರೆಯವರ ಮನೆಯೊಳಗೆ ಹೋಗಲು ಕೂಲಿ ಪಡೆದವರು. 'ರಿಯರ್ ವಿಂಡೋ'ದಲ್ಲಿ ಮೊದಲು ಕಿಟಕಿಯಲ್ಲಿ ಇಣುಕುವುದಕ್ಕೆ ಬಯ್ದ ಸ್ಟೆಲ್ಲಾ, ಕೊಲೆಯಾಗಿರಬಹುದು ಎಂದು ಒಪ್ಪಿದ ಮೇಲೆ ಸ್ಟುವರ್ಟ್ ಮೊಟ್ಟೆಯ ಮೇಲೆ ಫೋರ್ಕ್ ಇಡುವ ಹೊತ್ತಿಗೇ, ಹೆಣ ಕತ್ತರಿಸಿದ್ದು ಬಚ್ಚಲ ತೊಟ್ಟಿಯಲ್ಲೇ ಇರಬೇಕು, ರಕ್ತ ತೊಳೆಯಲು ಬೇರೆಲ್ಲಿ ಸಾಧ್ಯ ಎಂದು ನಿರಾಳವಾಗಿ ಲೆಕ್ಕ ಹಾಕುತ್ತಾಳೆ. ಅವನಿಗೆ ತುತ್ತು ಇಳಿಯುವುದಿಲ್ಲ. ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೆ. ಆದರೆ ಆ ಕೋಣೆಯಲ್ಲಿ ಬಚ್ಚಲು ತೊಳೆದು ಅಭ್ಯಾಸವಿದ್ದ ಒಬ್ಬಳೇ ಒಬ್ಬಳು ಅವಳು. ರಕ್ತ ಯಾವುದರಿಂದ ಹೋಗುತ್ತದೆ, ಎಲ್ಲಿಂದ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರುವ ವಿದ್ಯೆ.

ಕತ್ತಿನ ಟೈ ಮಾರುವವಳು

ಅವಳನ್ನು ಒಂದೇ ಒಂದು ಚಿತ್ರದಲ್ಲಿ ನೋಡಬೇಕೆಂದರೆ ಯಾವುದು ಎಂದು ಅಕ್ಕನ ಮಗಳು ಕೇಳಿದಳು. ಸ್ಯಾಮ್ಯುಯೆಲ್ ಫುಲ್ಲರ್‌ನ 'ಪಿಕಪ್ ಆನ್ ಸೌತ್ ಸ್ಟ್ರೀಟ್', 1953. ಯೋಚಿಸಬೇಕಾದದ್ದೇ ಇಲ್ಲ.

ಅವಳಿಲ್ಲಿ ಮೋ. ನ್ಯೂಯಾರ್ಕಿನ ಬೀದಿಗಳಲ್ಲಿ ಟೈಗಳನ್ನು ಮಾರುತ್ತಾಳೆ, ಅದು ಹೊರಗಿನ ವ್ಯಾಪಾರ. ನಿಜವಾದ ವ್ಯಾಪಾರ ಜೇಬುಗಳ್ಳರ ವಿಳಾಸ. ಯಾರು ಪತ್ರಿಕೆ ಅಡ್ಡ ಹಿಡಿದು ಕೈಹಾಕುತ್ತಾನೆ, ಯಾರದು ಎಷ್ಟು ಬೆರಳಿನ ಕೆಲಸ ಎಂದು ವಿವರ ಕೇಳಿದರೆ ಸಾಕು, ಹೆಸರು ಹೇಳುತ್ತಾಳೆ. ಪೊಲೀಸ್ ಕಚೇರಿಯಲ್ಲಿ ಕುಳಿತು ದರ ಚೌಕಾಸಿ ಮಾಡುವಾಗ, ಜೀವನವೆಚ್ಚ ಏರಿದೆಯಲ್ಲ, ನನ್ನ ದರವೂ ಏರಬೇಕು ಎನ್ನುತ್ತಾಳೆ. ಸಂತೆಯಲ್ಲಿ ಸೊಪ್ಪು ಮಾರುವವಳ ದನಿ ಅದು, ಒಂದಿಷ್ಟೂ ಪಾಪಪ್ರಜ್ಞೆ ಇಲ್ಲ. ಸೋಜಿಗವೆಂದರೆ, ಅವಳು ಹಿಡಿದುಕೊಟ್ಟ ಜೇಬುಗಳ್ಳ ಸ್ಕಿಪ್‌ಗೂ ಅವಳ ಮೇಲೆ ಕೋಪವಿಲ್ಲ. ಅವಳಿಗೂ ಹೊಟ್ಟೆಯಿದೆ ಎನ್ನುತ್ತಾನೆ.

ಕೂಡಿಟ್ಟ ಹಣವೆಲ್ಲ ತನ್ನ ಸ್ವಂತ ಗೋರಿಗೆ. ಒಂದು ತುಂಡು ಜಾಗ, ಮೇಲೊಂದು ಕಲ್ಲು. ದಿಕ್ಕಿಲ್ಲದವರನ್ನು ನ್ಯೂಯಾರ್ಕ್ ನಗರ ಹಾರ್ಟ್ ದ್ವೀಪಕ್ಕೆ ದೋಣಿಯಲ್ಲಿ ಸಾಗಿಸಿ ಸಾಲಾಗಿ ಹೂಳುತ್ತಿತ್ತು. 1869ರಿಂದ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಣ್ಣಾಗಿದ್ದಾರೆ. ಮೋಗೆ ಭಯವಿರುವುದು ಸಾವಿನದಲ್ಲ, ಆ ದೋಣಿಯದು. ಅಲ್ಲಿ ನನ್ನನ್ನು ಹೂತರೆ ನಾನು ಸತ್ತೇ ಹೋಗುತ್ತೇನೆ ಎನ್ನುತ್ತಾಳೆ. ನಗು ಬರುತ್ತದೆ. ಬಂದ ನಗು ಗಂಟಲಲ್ಲಿ ನಿಲ್ಲುತ್ತದೆ.

ಒಂದು ರಾತ್ರಿ ಬಾಡಿಗೆ ಕೋಣೆಗೆ ಕಾಲೆಳೆದುಕೊಂಡು ಬರುತ್ತಾಳೆ. ಗ್ರಾಮಫೋನಿಗೆ ತಟ್ಟೆ ಹಾಕಿ ಹಾಸಿಗೆಗೆ ಒರಗುತ್ತಾಳೆ. ಒಳಗೆ ಒಬ್ಬ ಕಾದಿದ್ದಾನೆ, ಪಿಸ್ತೂಲಿದೆ, ಸ್ಕಿಪ್‌ನ ವಿಳಾಸ ಬೇಕು. ಎಲ್ಲರಿಗೂ ಮಾರುವವಳು ಇವನಿಗೆ ಮಾತ್ರ ಮಾರುವುದಿಲ್ಲ. ಅದನ್ನು ದೊಡ್ಡ ತ್ಯಾಗವೆಂಬಂತೆ ಅವಳು ಆಡುವುದಿಲ್ಲ. ದಣಿವಷ್ಟೇ. ಬೆಳಿಗ್ಗೆ ಎದ್ದರೆ ಬೆನ್ನು ನೋವು, ತಲೆ ನೋವು, ನಿಂತುಹೋಗುತ್ತಿರುವ ಹಳೇ ಗಡಿಯಾರ ನಾನು ಎಂದು ಆ ಕೊಲೆಗಾರನಿಗೇ ಕಷ್ಟಸುಖ ಹೇಳಿಕೊಳ್ಳುತ್ತಾಳೆ. ಇಷ್ಟು ಸುಸ್ತಾಗಿದೆ, ತಲೆ ಹಾರಿಸಿದರೆ ಉಪಕಾರವೇ ಆಯಿತು ಎನ್ನುತ್ತಾಳೆ. ಕ್ಯಾಮೆರಾ ಅವಳ ಮುಖದಿಂದ ಗ್ರಾಮಫೋನಿನತ್ತ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು. ನಾನು ಈ ದೃಶ್ಯವನ್ನು ಆರೇಳು ಸಲ ನೋಡಿದೆ, ನಟನೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ. ಕೋಟಿನ ಭಾರವನ್ನು ಅವಳು ಭುಜದಲ್ಲಿ ಹೊತ್ತಿರುವ ರೀತಿಯೊಂದೇ ಕಂಡದ್ದು, ಗಂಟೆಗಟ್ಟಲೆ ನಿಂತು ಮಾರಿದವರ ಭುಜ ಅದು.

ಆಮೇಲೆ ಸ್ಕಿಪ್ ಶವಪೆಟ್ಟಿಗೆಗಳ ದೋಣಿ ಹೊರಡುವ ಕಡೆಗೆ ಹೋಗಿ, ಅವಳದನ್ನು ಬಿಡಿಸಿಕೊಂಡು ಬರುತ್ತಾನೆ. ಬರ್ಡಿಗೆ ಸಿಗದ್ದು ಮೋಗೆ ಸಿಕ್ಕಿತು. ಈ ಒಂದು ಚಿತ್ರದಲ್ಲಿ ಅವಳಿಲ್ಲ ಎಂಬುದು ಕಥೆಗೆ ತಿಳಿಯುತ್ತದೆ.

ಬೋರ್ಡಿನ ಮೇಲಿನ ಕ್ರಮಾಂಕ

ಇಷ್ಟೆಲ್ಲ ಹೇಳಿ, ಅವಳು ನಾಯಕಿಯೇ ಆಗಲಿಲ್ಲವೇ ಎಂದರೆ, ಆದಳು, ಬೋರ್ಡಿನಲ್ಲಿ ಮಾತ್ರ ಆಗಲಿಲ್ಲ. 1951ರ 'ದಿ ಮೇಟಿಂಗ್ ಸೀಸನ್'ನಲ್ಲಿ ಹ್ಯಾಂಬರ್ಗರ್ ಅಂಗಡಿ ನಡೆಸುವ ತಾಯಿ, ಶ್ರೀಮಂತರ ಮನೆಯ ಹುಡುಗಿಯನ್ನು ಮದುವೆಯಾದ ಮಗನನ್ನು ನೋಡಲು ಬರುತ್ತಾಳೆ. ಸೊಸೆ ಅವಳನ್ನು ತಾನು ಕರೆಸಿದ ಅಡಿಗೆಯವಳೆಂದೇ ತಿಳಿದು ಒಲೆ ತೋರಿಸುತ್ತಾಳೆ. ಅತ್ತೆ ತುಟಿಪಿಟಕ್ಕೆನ್ನದೆ ಏಪ್ರನ್ ಕಟ್ಟಿಕೊಳ್ಳುತ್ತಾಳೆ. ಇಡೀ ಚಿತ್ರ ಆ ಏಪ್ರನ್ ಮೇಲೆಯೇ ನಿಂತಿದೆ. ಹೆಸರುಗಳ ಸಾಲಿನಲ್ಲಿ ಅವಳು ನಾಲ್ಕನೆಯವಳು, ಆಸ್ಕರ್‌ಗೆ ಹೋದದ್ದು ಪೋಷಕ ವಿಭಾಗಕ್ಕೆ. ಜಾರ್ಜ್ ಕ್ಯೂಕರ್‌ನ 'ದಿ ಮಾಡೆಲ್ ಅಂಡ್ ದಿ ಮ್ಯಾರೇಜ್ ಬ್ರೋಕರ್'ನಲ್ಲೂ ಅದೇ ಕಥೆ. ಹೆಸರೇ ಹೇಳುವಂತೆ ದಲ್ಲಾಳಿಯದೇ ಚಿತ್ರ, ಪೋಸ್ಟರಿನಲ್ಲಿ ಮೊದಲು ನಿಂತವಳು ಮಾಡೆಲ್ ಆದ ಜೀನ್ ಕ್ರೇನ್.

ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು ಇನ್ನೊಂದು. 1955ರಲ್ಲಿ ಪ್ಯಾಡಿ ಚಯೆಫ್ಸ್ಕಿಯ 'ದಿ ಕೇಟರ್ಡ್ ಅಫೇರ್' ಟೆಲಿವಿಷನ್ ನಾಟಕವಾಗಿ ಬಂತು. ಬ್ರಾಂಕ್ಸ್‌ನ ಟ್ಯಾಕ್ಸಿ ಚಾಲಕನ ಹೆಂಡತಿ, ಕೈಯಲ್ಲಿ ಕಾಸಿಲ್ಲದಿದ್ದರೂ ಮಗಳ ಮದುವೆಯನ್ನು ಅದ್ದೂರಿಯಾಗಿ ಮಾಡಬೇಕೆಂದು ಹಟ ಹಿಡಿಯುವ ತಾಯಿಯ ಪಾತ್ರ. ಮಾಡಿದವಳು ಥೆಲ್ಮಾ. ಮರುವರ್ಷ ಅದನ್ನು ಸಿನಿಮಾ ಮಾಡುವಾಗ ಪಾತ್ರ ಹೋದದ್ದು ಬೆಟ್ಟಿ ಡೇವಿಸ್‌ಗೆ. ಬರ್ಡಿಯ ಪಾತ್ರ ಮಾರ್ಗೋಗೆ ಹೋಯಿತು ಎನ್ನಿ. ಈವ್ ಕದ್ದದ್ದಕ್ಕೆ ಒಂದು ಸಿನಿಮಾ ಮಾಡಿದರು, ಇದಕ್ಕೆ ಯಾರು ಮಾಡುತ್ತಾರೆ? (ಬೆಟ್ಟಿ ಡೇವಿಸ್ ಬಗ್ಗೆ ನನಗೆ ಅಸಮಾಧಾನವಿಲ್ಲ. ಟಿಕೆಟ್ ಮಾರಲು ಅವಳ ಹೆಸರು ಬೇಕಿತ್ತು. ಆದರೂ.)

ನಾಟಕರಂಗ ಮಾತ್ರ ಅವಳನ್ನು ಸರಿಯಾಗಿ ಎಣಿಸಿತು. 'ನ್ಯೂ ಗರ್ಲ್ ಇನ್ ಟೌನ್' ಸಂಗೀತ ನಾಟಕಕ್ಕೆ 1958ರಲ್ಲಿ ಟೋನಿ ಪ್ರಶಸ್ತಿ ಬಂತು, ಅದೂ ನಾಯಕಿಯರ ವಿಭಾಗದಲ್ಲಿ. ಅದೇ ನಾಟಕದ ಗ್ವೆನ್ ವರ್ಡನ್ ಜೊತೆ ಸರಿಸಮನಾಗಿ ಹಂಚಿಕೊಂಡಳು. ಇನ್ನು ಆಸ್ಕರ್ ವೇದಿಕೆಗೆ ಅವಳು ಹತ್ತಲೇ ಇಲ್ಲ ಎಂದುಕೊಳ್ಳಬೇಡಿ. ಆಗ ಸಮಾರಂಭ ಎರಡು ಊರುಗಳಲ್ಲಿ ಏಕಕಾಲಕ್ಕೆ ನಡೆಯುತ್ತಿತ್ತು. 1955ರ ಮಾರ್ಚ್ 30ರಂದು ಹಾಲಿವುಡ್ಡಿನ ಕಡೆ ನಿರೂಪಕ ಬಾಬ್ ಹೋಪ್, ನ್ಯೂಯಾರ್ಕಿನ ಕಡೆ ಥೆಲ್ಮಾ ರಿಟ್ಟರ್. 'ರಿಯರ್ ವಿಂಡೋ'ದಲ್ಲಿ ಅವಳ ಜೊತೆ ಹೂವಿನ ಪಾತಿ ಅಗೆದ ಗ್ರೇಸ್ ಕೆಲಿ ಅಂದು ಶ್ರೇಷ್ಠ ನಟಿಯಾದಳು. ಆ ಪ್ರಶಸ್ತಿ ತಂದ ಚಿತ್ರದ ನಿರ್ದೇಶಕ ಜಾರ್ಜ್ ಸೀಟನ್, ಮೇಸೀಸ್ ಅಂಗಡಿಯ ಸಾಲಿನಲ್ಲಿ ಥೆಲ್ಮಾಳನ್ನು ನಿಲ್ಲಿಸಿದ್ದವನು. ಪೋಷಕ ನಟಿ ಪ್ರಶಸ್ತಿ ಈವಾ ಮೇರಿ ಸೇಂಟ್‌ಗೆ. ತುಂಬು ಗರ್ಭಿಣಿಯಾಗಿದ್ದ ಅವಳು ಅದನ್ನು ಪಡೆದದ್ದು ನ್ಯೂಯಾರ್ಕಿನಲ್ಲೇ. ಮನೆಯಲ್ಲಿ ಸಮಾರಂಭ, ಬಂದವರನ್ನೆಲ್ಲ ಬರಮಾಡಿಕೊಳ್ಳುವ ಕೆಲಸ ಇವಳದು, ಕೊನೆಗೆ ಎಲ್ಲರೂ ಅರಿಶಿನ ಕುಂಕುಮ ತೆಗೆದುಕೊಂಡು ಹೋದರು.

ಕೊನೆಯ ನಾಮನಿರ್ದೇಶನ 'ಬರ್ಡ್‌ಮ್ಯಾನ್ ಆಫ್ ಅಲ್ಕಟ್ರಾಜ್'ಗೆ. ಬರ್ಟ್ ಲ್ಯಾಂಕಾಸ್ಟರ್‌ನ ತಾಯಿಯಾಗಿ, ಮಗ ಜೈಲಿನಲ್ಲಿದ್ದರೂ ಅವನು ತನ್ನೊಬ್ಬಳಿಗೇ ಸೇರಬೇಕೆನ್ನುವ ಗಡುಸು ಹೆಂಗಸು. ಅಲ್ಲಿ ನಗಿಸುವ ಒಂದು ಮಾತೂ ಇಲ್ಲ. 1969ರ ಫೆಬ್ರವರಿ 5ರಂದು, ಅರವತ್ತೇಳು ತುಂಬಲು ಒಂಬತ್ತು ದಿನ ಬಾಕಿ ಇರುವಾಗ, ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡಳು.

ಒಂದು ಫೋನ್ ಕರೆ

ಇದನ್ನು ಬರೆಯಲು ಕೂರುವ ಮೊದಲು ಅಮ್ಮನಿಗೆ ಫೋನ್ ಮಾಡಿದ್ದೆ. ಮುಸುರೆ ತಿಕ್ಕಲು ಬರುತ್ತಿದ್ದರಲ್ಲ, ಅವರು ನಮ್ಮ ಮನೆ ಬಿಟ್ಟದ್ದು ಯಾವಾಗ ಎಂದು ಕೇಳಿದೆ. ಅಮ್ಮ ಬಹಳ ಹೊತ್ತು ಯೋಚಿಸಿದರು. ಬಿಡಿಸಿದ ನೆನಪಿಲ್ಲ, ಜಗಳವಾದ ನೆನಪೂ ಇಲ್ಲ. ಅಡಿಗೆಮನೆಗೆ ಸಿಂಕ್ ಹಾಕಿಸಿದ ವರ್ಷ ಇರಬೇಕು, ಅಲ್ಲಿಂದ ನಾವೇ ತೊಳೆದುಕೊಳ್ಳುತ್ತಿದ್ದೆವಲ್ಲ ಎಂದರು. ಹಾಗಾದರೆ ಆಮೇಲೆ ಅವರನ್ನು ನೋಡಲೇ ಇಲ್ಲವೇ ಎಂದೆ.

"ನೋಡದೇ ಏನು. ಮಗಳ ಮದುವೆಗೆ ಕರೆಯಲು ಬಂದಿದ್ದರಲ್ಲ, ಲಗ್ನಪತ್ರಿಕೆ ತಟ್ಟೆಯಲ್ಲಿಟ್ಟುಕೊಂಡು. ನೀನು ಆಗ ಬೆಂಗಳೂರಿನ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದೆ. ಬಾಗಿಲು ತೆಗೆದವಳು ನೀನೇ. 'ಅಮ್ಮಾ, ಯಾರೋ ಬಂದಿದ್ದಾರೆ' ಎಂದು ಕೂಗಿ ಒಳಗೆ ಹೋದೆ."